ಮನೆ ಕಟ್ಟುವಾಗ ಪೆದ್ದು ತಪ್ಪುಗಳನ್ನು ಮೊದಲೇ ಹಿಡಿಯುವುದು ಹೇಗೆ

ಕೆಲವು ವರ್ಷದ ಹಿಂದೆ ನಾನೇ ನಿಂತು ಕಟ್ಟಿಸಿದ ಒಂದು ಮನೆಯ ಗೃಹಪ್ರವೇಶದಲ್ಲಿ ಮೂರು ಜನ ಒಂದೇ ಜಾಗದಲ್ಲಿ ಎಡವಿದರು. ಮೊದಲು ಓನರ್ ಅವರ ಅತ್ತೆ, ಆಮೇಲೆ ಸಾಂಬಾರಿನ ಪಾತ್ರೆ ಸಮೇತ ಅಡುಗೆಯವರು, ಆಮೇಲೆ ನಾನು. ಮಹಡಿ ಮೆಟ್ಟಿಲಿನ ಕೊನೆಯ ಹಂತ ಅದು. ಮಾರನೇ ದಿನ ಟೇಪು ಹಿಡಿದು ನೋಡಿದರೆ ಬೇರೆ ಮೆಟ್ಟಿಲೆಲ್ಲ 7 ಇಂಚು ಎತ್ತರ, ಕೊನೆಯದು ಮಾತ್ರ ಎಂಟೂವರೆ. ಕೆಳಗೆ ಬಂದು ಮೊದಲನೆಯದನ್ನು ಅಳೆದರೆ ಐದೂವರೆ.

ಯಾರ ತಪ್ಪು ಅಂತ ಹುಡುಕಿದೆ. ಮೇಸ್ತ್ರಿ ಲೆಕ್ಕ ಸರಿಯಾಗೇ ಇತ್ತು. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 126 ಇಂಚು, 18 ಮೆಟ್ಟಿಲು, ತಲಾ 7. ಆದರೆ ಅವರು ಅಳೆದದ್ದು ಕಾಂಕ್ರೀಟಿನಿಂದ ಕಾಂಕ್ರೀಟಿಗೆ. ಆಮೇಲೆ ಟೈಲ್ಸ್‌ನವರು ಬಂದು ಎರಡೂ ನೆಲಕ್ಕೆ ಗಾರೆ, ಟೈಲು ಸೇರಿಸಿ 3 ಇಂಚು ಏರಿಸಿದರು. ಗ್ರಾನೈಟಿನವರು ಬಂದು ಮೆಟ್ಟಿಲಿಗೆ ಒಂದೂವರೆ ಇಂಚು ಹಾಕಿದರು. ಮಧ್ಯದ ಮೆಟ್ಟಿಲುಗಳೆಲ್ಲ ಒಂದೇ ಸಮ ಏರಿದ್ದರಿಂದ ಏನೂ ಗೊತ್ತಾಗಲಿಲ್ಲ. ಮೊದಲನೆಯದು ಒಂದೂವರೆ ಇಂಚು ಕಮ್ಮಿಯಾಯಿತು, ಕೊನೆಯದು ಅಷ್ಟೇ ಜಾಸ್ತಿಯಾಯಿತು. ಮೂರೂ ಕೆಲಸದವರು ತಮ್ಮ ಪಾಲಿನ ಕೆಲಸ ನೀಟಾಗಿ ಮಾಡಿದ್ದರು. ಮೂವರನ್ನೂ ಒಂದು ಸಲ ಕೂರಿಸಿ ಮಾತಾಡಿಸಬೇಕಾಗಿದ್ದವನು ನಾನು, ಮಾತಾಡಿಸಿರಲಿಲ್ಲ. ಆ ಮನೆಯ ಕೊನೆಯ ಮೆಟ್ಟಿಲಿಗೆ ಈಗಲೂ ಹಳದಿ ಟೇಪು ಅಂಟಿಸಿದೆ, ನಾನು ಆ ಕಡೆ ಹೋದಾಗ ಅವರ ಅತ್ತೆ ಕಾಫಿ ಕೊಡುತ್ತಾರೆ, ಆದರೆ ಟೇಪಿನ ಕಡೆ ಒಮ್ಮೆ ನೋಡದೆ ಕೊಡುವುದಿಲ್ಲ.

ಅವತ್ತಿನಿಂದ ನಾನು ಸೈಟಿನಲ್ಲಿ ಜಾಸ್ತಿ ನೋಡುವುದು ಒಂದೇ: ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗ. ಪೆದ್ದು ತಪ್ಪುಗಳೆಲ್ಲ ಅಲ್ಲೇ ಕೂತಿರುತ್ತವೆ. ರಾಕೆಟ್ ಹಾರಿಸುವವರ ಕಥೆಯೂ ಇದೇ, ಅದನ್ನೂ ಹೇಳುತ್ತೇನೆ. ಸ್ವಂತ ಮನೆ ಕಟ್ಟಿಸುತ್ತಿರುವವರು, ದಿನಾ ಸೈಟಿಗೆ ಹೋಗಿ ಸುಮ್ನೆ ಕೈಕಟ್ಟಿ ನಿಂತು ಬರುವವರು ಇದನ್ನು ಮಾಡಬಹುದು. ಎಂಜಿನಿಯರಿಂಗ್ ಓದಿರಬೇಕಿಲ್ಲ. ಒಂದು ಒಳ್ಳೆ ಟೇಪು, ಸೀಮೆಸುಣ್ಣ, ಎರಡು ಬಕೆಟ್ ನೀರು, ಒಂದು ಫೋನು ಸಾಕು.

ಮೊದಲು ಟೇಪು, ಆಮೇಲೆ ಅಳತೆಯ ಭಾಷೆ

ಕೆಲಸ ಶುರುವಾದ ದಿನವೇ ಮೇಸ್ತ್ರಿ, ಬಡಗಿ, ಬಾರ್ ಬೆಂಡರ್ (ಕಂಬಿ ಬಗ್ಗಿಸಿ ಕಟ್ಟುವವರು) ಎಲ್ಲರ ಟೇಪನ್ನೂ ನೆಲದ ಮೇಲೆ ಪಕ್ಕಪಕ್ಕ ಎಳೆದು 10 ಅಡಿಯ ಗೆರೆ ಒಂದೇ ಕಡೆ ಬರುತ್ತದಾ ನೋಡಿ. ನಗಬೇಡಿ. ಟೇಪಿನ ಮುಂದಿನ ಕೊಕ್ಕೆ ಸೊಟ್ಟಗಾಗಿರುತ್ತದೆ, ಇಲ್ಲ ಮುರಿದುಹೋಗಿರುತ್ತದೆ. ಮುರಿದವರು ಒಂದು ಅಡಿಯ ಗೆರೆಯಿಂದ ಹಿಡಿದು ಅಳೆಯುತ್ತಾರೆ, ಆಮೇಲೆ ಒಂದು ಅಡಿ ಕಳೆಯಬೇಕು. ಹತ್ತು ಸಲ ಕಳೆಯುತ್ತಾರೆ, ಹನ್ನೊಂದನೇ ಸಲ ಫೋನ್ ಬರುತ್ತದೆ.

ಸ್ವೀಡನ್ನಿನ ರಾಜ ಕಟ್ಟಿಸಿದ ವಾಸಾ ಅನ್ನುವ ದೊಡ್ಡ ಯುದ್ಧದ ಹಡಗು 1628ರಲ್ಲಿ ಮೊದಲ ಪ್ರಯಾಣದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. 1961ರಲ್ಲಿ ಮೇಲೆತ್ತಿದರು. ಅದರೊಳಗೆ ಬಡಗಿಗಳ ಅಳತೆಕೋಲು ಸಿಕ್ಕವು, ಕೆಲವು 12 ಇಂಚಿನ ಸ್ವೀಡಿಷ್ ಅಡಿಯವು, ಕೆಲವು 11 ಇಂಚಿನ ಆಮ್‌ಸ್ಟರ್‌ಡ್ಯಾಮ್ ಅಡಿಯವು. ಹಡಗಿನ ಎಡಬಲ ಎರಡೂ ಒಂದೇ ಸಮ ಇರಲಿಲ್ಲ. ಮುಳುಗಿದ್ದಕ್ಕೆ ಮುಖ್ಯ ಕಾರಣ ಮೇಲ್ಭಾಗದ ಭಾರ, ಆ ಕಥೆಗೆ ಕೆಳಗೆ ಬರುತ್ತೇನೆ.

ನಮ್ಮ ಸೈಟುಗಳಲ್ಲಿ ಅಳತೆಯ ಭಾಷೆ ನಾಲ್ಕು. ಜಾಗ ಕೊಳ್ಳುವಾಗ ಗುಂಟೆ, ಮನೆ ರೇಟು ಮಾತಾಡುವಾಗ ಚದರ, ಮೇಸ್ತ್ರಿಗೆ ಅಡಿ ಇಂಚು, ಡ್ರಾಯಿಂಗಿನಲ್ಲಿ ಎಂಎಂ. ಬಡಗಿ ಬಂದರೆ ನೂಲು ಬೇರೆ, ಅಂದರೆ ಇಂಚಿನ ಎಂಟನೇ ಒಂದು ಭಾಗ. ಇವೆಲ್ಲ ಇರಲಿ, ಯಾರೂ ಬದಲಾಯಿಸಲು ಆಗುವುದಿಲ್ಲ. ಆದರೆ ಒಂದು ಅಭ್ಯಾಸವನ್ನು ಮಾತ್ರ ಇವತ್ತೇ ಬಿಡಿ. 5 ಅಡಿ 10 ಇಂಚನ್ನು 5.10 ಅಂತ ಬರೆಯುವುದು. ವಾಟ್ಸಾಪಿನಲ್ಲಿ ಎಲ್ಲರೂ ಹೀಗೇ ಬರೆಯುತ್ತಾರೆ. ಕಿಟಕಿ ಮಾಡುವ ಅಂಗಡಿಯಲ್ಲಿ ಕೂತ ಹುಡುಗ ಅದನ್ನು ಕ್ಯಾಲ್ಕುಲೇಟರಿಗೆ ಹಾಕುತ್ತಾನೆ, ಕ್ಯಾಲ್ಕುಲೇಟರಿಗೆ 5.10 ಅಂದರೆ 5.1, ಅಂದರೆ ಐದಡಿ ಒಂದು ಚಿಲ್ಲರೆ ಇಂಚು. ಹೆಚ್ಚೂಕಮ್ಮಿ 9 ಇಂಚು ಕಡಿಮೆಯ ಕಿಟಕಿ ಗಾಡಿಯಲ್ಲಿ ಬಂದು ಇಳಿಯುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ, ಅದೂ ಒಂದಲ್ಲ, ಆರು ಕಿಟಕಿ. ಅಡಿ ಅಂತ ಬರೆಯಿರಿ, ಇಂಚು ಅಂತ ಬರೆಯಿರಿ. ಹೊರಗೆ ಮಾಡಿಸುವ ಯಾವುದೇ ವಸ್ತುವಿಗೆ ಎಂಎಂನಲ್ಲೂ ಪಕ್ಕದಲ್ಲೇ ಬರೆಯಿರಿ. ಎರಡೂ ತಾಳೆಯಾಗದಿದ್ದರೆ ಅಂಗಡಿಯವರೇ ಫೋನ್ ಮಾಡಿ ಕೇಳುತ್ತಾರೆ.

ಹಾಗೆ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾಸಾದವರ ಕಥೆ ಇದೆ. 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ಒಂದು ನೌಕೆ ಕಳಿಸಿದರು, ಮಾರ್ಸ್ ಕ್ಲೈಮೇಟ್ ಆರ್ಬಿಟರ್. ಭೂಮಿಯ ಮೇಲಿದ್ದ ಒಂದು ಸಾಫ್ಟ್‌ವೇರು ಪುಟ್ಟ ಎಂಜಿನ್ನುಗಳ ತಳ್ಳುವಿಕೆಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಅದನ್ನು ತೆಗೆದುಕೊಂಡು ದಾರಿ ಲೆಕ್ಕ ಹಾಕುವ ಕಡೆ ನ್ಯೂಟನ್ ಅಂತ ಓದಿಕೊಳ್ಳುತ್ತಿದ್ದರು. ಒಂದು ಪೌಂಡ್ ಬಲ ಅಂದರೆ ಸುಮಾರು 4.45 ನ್ಯೂಟನ್. ಒಂದೊಂದು ಸಲಕ್ಕೆ ತೀರಾ ಸಣ್ಣ ತಪ್ಪು, ಒಂಬತ್ತು ತಿಂಗಳು ಸೇರುತ್ತಾ ಹೋಯಿತು. 1999ರ ಸೆಪ್ಟೆಂಬರ್ 23ಕ್ಕೆ ಮಂಗಳದ ನೆಲದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳಿದು ಹಾಳಾಯಿತು. ದಾರಿ ನೋಡಿಕೊಳ್ಳುತ್ತಿದ್ದ ಕೆಲವರಿಗೆ ಮೊದಲೇ ಏನೋ ಸರಿಯಿಲ್ಲ ಅನ್ನಿಸಿತ್ತು, ಹೇಳಿಯೂ ಇದ್ದರು, ಅದು ಸರಿಯಾದ ಜಾಗಕ್ಕೆ ತಲುಪಲಿಲ್ಲ.

ಇನ್ನೊಂದು, ನನಗೆ ತುಂಬಾ ಇಷ್ಟವಾದ ಕಥೆ, ಯಾಕೆಂದರೆ ಇದರಲ್ಲಿ ಯಾರೂ ಸಾಯುವುದಿಲ್ಲ. 1983ರ ಜುಲೈ 23, ಏರ್ ಕೆನಡಾದ ಬೋಯಿಂಗ್ 767. ಇಂಧನ ತೋರಿಸುವ ಮೀಟರು ಕೆಟ್ಟಿತ್ತು. ಹಾಗಾಗಿ ಟ್ಯಾಂಕಿಗೆ ಕೋಲು ಇಳಿಸಿ ನೋಡಿದಂತೆ ನೋಡಿ ಲೆಕ್ಕ ಹಾಕಿದರು. ಇದ್ದದ್ದು 7,682 ಲೀಟರ್, ಬೇಕಿದ್ದದ್ದು 22,300 ಕಿಲೋ. ಲೀಟರಿನಿಂದ ತೂಕಕ್ಕೆ ಹೋಗಲು ಅವರು ಗುಣಿಸಿದ ಸಂಖ್ಯೆ 1.77, ಅದು ಲೀಟರಿಗೆ ಎಷ್ಟು ಪೌಂಡ್ ಅನ್ನುವ ಸಂಖ್ಯೆ. ಕಿಲೋ ಬೇಕಿದ್ದರೆ 0.8ರಿಂದ ಗುಣಿಸಬೇಕಿತ್ತು. ಸುಮಾರು 20 ಸಾವಿರ ಲೀಟರ್ ಹಾಕಬೇಕಿದ್ದಲ್ಲಿ 5 ಸಾವಿರಕ್ಕೂ ಕಮ್ಮಿ ಹಾಕಿ ಹಾರಿದರು. 41 ಸಾವಿರ ಅಡಿ ಎತ್ತರದಲ್ಲಿ ಎಚ್ಚರಿಕೆ ಗಂಟೆ ಹೊಡೆಯಿತು, ಸ್ವಲ್ಪ ಹೊತ್ತಿನಲ್ಲೇ ಒಂದಾದ ಮೇಲೊಂದು ಎರಡೂ ಎಂಜಿನ್ ಬಂದ್! ಪುಣ್ಯಕ್ಕೆ ಕ್ಯಾಪ್ಟನ್ ಬಾಬ್ ಪಿಯರ್ಸನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವ ಅಭ್ಯಾಸ ಇತ್ತು. ಗಿಮ್ಲಿ ಅನ್ನುವ ಊರಿನ ಹಳೆಯ ವಾಯುಪಡೆ ರನ್‌ವೇ ಮೇಲೆ ಇಳಿಸಿದರು, ಅವತ್ತು ಅಲ್ಲಿ ಕಾರ್ ರೇಸ್ ನಡೆದಿತ್ತು. ಒಳಗಿದ್ದ 69 ಜನವೂ ಉಳಿದರು.

ಲೆಕ್ಕವನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಮಾಡಿ ನೋಡಿದ್ದರು, ಪ್ರತಿ ಸಲವೂ ಅದೇ 1.77 ಹಿಡಿದು. ನೀವೂ ಮೇಸ್ತ್ರಿ ಹಾಕಿದ ಲೆಕ್ಕವನ್ನು ಮೇಸ್ತ್ರಿ ಹೇಳಿದ ಹಾಗೇ ಮತ್ತೆ ಹಾಕಿ ನೋಡಿದರೆ ಪ್ರಯೋಜನವಿಲ್ಲ. ಬೇರೆ ದಾರಿಯಲ್ಲಿ ನೋಡಿ. ಅವರು ಬಲಗೋಡೆಯಿಂದ ಅಳೆದಿದ್ದರೆ ನೀವು ಎಡಗೋಡೆಯಿಂದ ಅಳೆಯಿರಿ. ಎರಡೂ ಸೇರಿ ರೂಮಿನ ಪೂರ್ತಿ ಉದ್ದ ಬರಬೇಕು, ಅಲ್ವಾ?

ಜೀರೋ ಎಲ್ಲಿ ಅಂತ ಗೋಡೆ ಮೇಲೆ ಬರೆಸಿ

ಮೆಟ್ಟಿಲಿನ ತಪ್ಪು ಆದದ್ದು ಇಲ್ಲೇ. ಎಲ್ಲರೂ ಎತ್ತರ ಅಳೆಯುತ್ತಾರೆ, ಎಲ್ಲಿಂದ ಅಂತ ಯಾರೂ ಹೇಳುವುದಿಲ್ಲ. ಕಾಂಕ್ರೀಟಿನಿಂದಲಾ, ಟೈಲಿನಿಂದಲಾ, ರಸ್ತೆಯಿಂದಲಾ?

ಹೀಗೆ ಮಾಡಿ. ರಸ್ತೆ ಹತ್ತಿರ ಅಲ್ಲಾಡದ ಒಂದು ವಸ್ತುವಿನ ಮೇಲೆ ಗುರುತು ಹಾಕಿಸಿ. ಜಲ್ಲಿ ರಾಶಿ ಪಕ್ಕದ ಕಲ್ಲು ಬೇಡ, ಲಾರಿ ರಿವರ್ಸ್ ಬಂದರೆ ಹೋಯಿತು. ಪಾಯ ಮುಗಿದ ಮೇಲೆ ಪ್ರತಿ ರೂಮಿನ ಗೋಡೆಗೆ ಟ್ಯೂಬ್ ಲೆವೆಲ್ (ಮಟ್ಟ ನೋಡಲು ನೀರು ತುಂಬಿದ ಕೊಳವೆ) ಹಿಡಿದು ಒಂದೇ ಮಟ್ಟದ ಗೆರೆ ಹೊಡೆಸಿ, ನೂಲಿಗೆ ನೀಲಿ ಪುಡಿ ಹಚ್ಚಿ ಎಳೆದು ಬಿಡುತ್ತಾರಲ್ಲ ಹಾಗೆ. ಆ ಗೆರೆಯ ಪಕ್ಕ ದೊಡ್ಡದಾಗಿ ಬರೆಸಿ: ಟೈಲ್ಸ್ ಆದ ಮೇಲಿನ ನೆಲದಿಂದ 3 ಅಡಿ. ಮುಂದೆ ಬಾಗಿಲು ಚೌಕಟ್ಟು, ಸ್ವಿಚ್ ಬೋರ್ಡು, ಅಡುಗೆ ಕಟ್ಟೆ, ಕೊನೆಗೆ ಮೆಟ್ಟಿಲು, ಎಲ್ಲ ಆ ಗೆರೆಯಿಂದಲೇ. ಪ್ಲಾಸ್ಟರಿಂಗ್ ಆದಾಗ ಗೆರೆ ಮುಚ್ಚಿಹೋಗುತ್ತದೆ, ಅವತ್ತು ಸಂಜೆಯೇ ಮತ್ತೆ ಹೊಡೆಸಬೇಕು. ಇದನ್ನು ಮರೆಯುವವರು ಜಾಸ್ತಿ. ಮರೆತ ಮನೆಗಳಲ್ಲಿ ಬಡಗಿ ಬಂದು ಬಾಗಿಲಿನ ಬುಡ ಕೊಯ್ಯುತ್ತಾ ಕೂರುತ್ತಾರೆ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ರೈನ್ ನದಿಗೆ ಲೌಫೆನ್‌ಬುರ್ಗ್ ಅನ್ನುವಲ್ಲಿ ಸೇತುವೆ ಕಟ್ಟಿದರು. ಎರಡೂ ಕಡೆಯಿಂದ ಕಟ್ಟುತ್ತಾ ಬಂದು ಮಧ್ಯದಲ್ಲಿ ಸೇರಿಸುವುದು. ಸಮುದ್ರ ಮಟ್ಟ ಅಂದರೆ ಜರ್ಮನಿಯವರಿಗೆ ಉತ್ತರದ ಸಮುದ್ರ, ಸ್ವಿಸ್ಸಿನವರಿಗೆ ಮೆಡಿಟರೇನಿಯನ್. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ, ಚೆನ್ನಾಗಿ ಗೊತ್ತಿತ್ತು, ಲೆಕ್ಕಕ್ಕೂ ತೆಗೆದುಕೊಂಡಿದ್ದರು. ಕೂಡಿಸುವ ಕಡೆ ಕಳೆದರೋ, ಕಳೆಯುವ ಕಡೆ ಕೂಡಿಸಿದರೋ, ಒಟ್ಟಿನಲ್ಲಿ ಚಿಹ್ನೆ ಉಲ್ಟಾ ಆಯಿತು. 2003ರಲ್ಲಿ ನೋಡಿದರೆ 27ರ ಬದಲು 54 ಸೆಂಟಿಮೀಟರ್ ಏರುಪೇರು. ಜರ್ಮನಿಯ ಕಡೆ ತಗ್ಗಿಸಿ ಸರಿ ಮಾಡಿದರು. ನಮ್ಮಲ್ಲೂ ಬಾತ್‌ರೂಮ್ ನೆಲ ಹೊರಗಿನ ನೆಲಕ್ಕಿಂತ ಒಂದು ಇಂಚು ಕೆಳಗೆ ಅಂತ ಹೇಳಿದ್ದು ಒಂದು ಇಂಚು ಮೇಲೆ ಆದ ಮನೆಗಳಿವೆ. ಕೆಳಗೆ, ಮೇಲೆ ಅನ್ನುವುದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಪಕ್ಕದಿಂದ ನೋಡಿದಂತೆ ಒಂದು ಚಿತ್ರ ಗೀಚಿ ಕೊಡಿ. ಚಿತ್ರ ಕೆಟ್ಟದಾಗಿದ್ದರೂ ಪರವಾಗಿಲ್ಲ.

ಬಾಲ್ಕನಿ ಕಂಬಿ ಮೇಲಿದೆಯಾ ನೋಡದೆ ಕಾಂಕ್ರೀಟ್ ಹಾಕಿಸಬೇಡಿ

ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಜಾರಿಲ್ಲ.

ರೂಮಿನ ತಾರಸಿಗೆ ನಾಲ್ಕೂ ಕಡೆ ಗೋಡೆಯ ಆಸರೆ ಇರುತ್ತದೆ, ಭಾರ ಬಿದ್ದರೆ ಮಧ್ಯದಲ್ಲಿ ಕೆಳಗೆ ಜಗ್ಗುತ್ತದೆ, ಹಾಗಾಗಿ ಅದರ ತಳಭಾಗ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟ್ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ಇರುವ ಕಡೆ ಕಂಬಿ ಇರಬೇಕು, ಅಂದರೆ ರೂಮಿನ ಮಧ್ಯೆ ಕಂಬಿ ತಳದಲ್ಲಿ. ಈಗ ಬಾಲ್ಕನಿ ನೋಡಿ. ಒಂದು ಕಡೆ ಮಾತ್ರ ಆಸರೆ, ಇನ್ನೊಂದು ತುದಿ ಗಾಳಿಯಲ್ಲಿ. ಪಾತ್ರೆ ತೊಳೆಯುವ ಸ್ಪಂಜಿನ ಒಂದು ತುದಿ ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಬೆರಳಿನಿಂದ ಕೆಳಗೆ ಒತ್ತಿ. ಮೇಲ್ಭಾಗ ಹಿಗ್ಗುತ್ತದೆ. ಆದ್ದರಿಂದ ಬಾಲ್ಕನಿಗೆ, ಅಗಲವಾದ ಸಜ್ಜಾಕ್ಕೆ, ಮುಖ್ಯ ಕಂಬಿ ಮೇಲ್ಭಾಗದಲ್ಲಿ ಇರಬೇಕು.

ಕಂಬಿ ಕಟ್ಟುವವರಿಗೆ ಇದು ಗೊತ್ತಿಲ್ಲ ಅಂತಲ್ಲ. ಅವರು ಮೇಲೇ ಕಟ್ಟಿ ಹೋಗಿರುತ್ತಾರೆ. ಮಾರನೇ ದಿನ ಕಾಂಕ್ರೀಟ್ ಹಾಕಲು ಬರುವವರು ಬೇರೆ ಗ್ಯಾಂಗು. ಬಾಣಲಿ ಹೊತ್ತುಕೊಂಡು ಇಪ್ಪತ್ತು ಜನ ಅದರ ಮೇಲೆ ಓಡಾಡುತ್ತಾರೆ, ಕಂಬಿ ತುಳಿದು ತುಳಿದು ತಳಕ್ಕೆ ಹೋಗುತ್ತದೆ, ಕಾಂಕ್ರೀಟ್ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಚಂದದ ಬಾಲ್ಕನಿ. ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಕೊಟ್ಟ ಹಲಗೆಯ ಆಸರೆ, ಬಿಚ್ಚಿದ ದಿನ, ಇಲ್ಲವೇ ಯಾವತ್ತೋ ಹತ್ತು ಜನ ಮೆರವಣಿಗೆ ನೋಡಲು ನಿಂತ ದಿನ ಗೊತ್ತಾಗುತ್ತದೆ.

ಹಿಂದಿನ ದಿನ ಸಂಜೆ ಹೋಗಿ ಮೂರು ವಿಷಯ ನೋಡಿ. ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಬಗ್ಗಿಸಿದ ಕಂಬಿಯ ಚೇರುಗಳಿವೆಯಾ? ನೀವೇ ಒಮ್ಮೆ ಕಾಲಿಟ್ಟು ನೋಡಿ, ಕುಸಿದರೆ ಚೇರು ಸಾಲದು. ಕಂಬಿ ಹೊರಗೆ ಚಾಚಿದ್ದಕ್ಕಿಂತ ಜಾಸ್ತಿ ಉದ್ದ ರೂಮಿನ ಒಳಗೆ ಹೋಗಿದೆಯಾ? ಸರಿಯಾದ ಅಳತೆ ಡ್ರಾಯಿಂಗಿನಲ್ಲಿ ಇರುತ್ತದೆ, ಅದರ ಪ್ರಕಾರ ಟೇಪು ಹಿಡಿಯಿರಿ. ತಳದ ಕಂಬಿಗಳ ಕೆಳಗೆ ಅವನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಅಂದರೆ ಕವರ್ ಬ್ಲಾಕ್ ಇದೆಯಾ, ಇಲ್ಲ ಸಿಕ್ಕ ಜಲ್ಲಿ ಚೂರು ತುರುಕಿದ್ದಾರಾ? ಆಮೇಲೆ ಕಾಂಕ್ರೀಟ್ ಹಾಕುವ ದಿನ ಓಡಾಡಲು ಹಲಗೆ ಹಾಸಿಸಿ, ಬಾಲ್ಕನಿ ಹತ್ತಿರ ತಗ್ಗಿದ ಕಂಬಿ ಎತ್ತಲು ಒಬ್ಬ ಬಾರ್ ಬೆಂಡರನ್ನು ಕೊಕ್ಕೆ ಕೊಟ್ಟು ನಿಲ್ಲಿಸಿ. ಅವರ ಒಂದು ದಿನದ ಕೂಲಿ ಜಾಸ್ತಿಯಾಯಿತು ಅಂತ ಲೆಕ್ಕ ಹಾಕಬೇಡಿ.

ಮೇಲು ಕೆಳಗು ಉಲ್ಟಾ ಆಗುವುದು ದೊಡ್ಡವರಿಗೂ ತಪ್ಪಿದ್ದಲ್ಲ. 2013ರ ಜುಲೈ 2ರಂದು ಕಜಕಸ್ತಾನದ ಬೈಕೊನೂರಿನಿಂದ ಹಾರಿದ ರಷ್ಯಾದ ಪ್ರೋಟಾನ್ ರಾಕೆಟ್ ಅರ್ಧ ನಿಮಿಷದಲ್ಲಿ ತಿರುಗಿ ನೆಲಕ್ಕೆ ಬಿತ್ತು, ಮೂರು ಉಪಗ್ರಹ ಸಮೇತ. ತಿರುಗುವಿಕೆ ಅಳೆಯುವ ಸೆನ್ಸರುಗಳನ್ನು ತಲೆಕೆಳಗಾಗಿ ಕೂರಿಸಿದ್ದರು. ಅವುಗಳ ಮೇಲೆ ಮೇಲ್ಭಾಗ ಯಾವುದು ಅಂತ ಬಾಣದ ಗುರುತೇ ಇತ್ತು. ಉಲ್ಟಾ ಕೂರಬಾರದು ಅಂತ ಗೂಟ ಕೂಡ ಇತ್ತು, ಬಲವಂತವಾಗಿ ಒತ್ತಿ ಕೂರಿಸಿದ ಗುರುತು ಆಮೇಲೆ ಸಿಕ್ಕಿತು. ಸೂರ್ಯನಿಂದ ಹೊಮ್ಮುವ ಕಣಗಳನ್ನು ಹೊತ್ತು 2004ರಲ್ಲಿ ವಾಪಸು ಬಂದ ನಾಸಾದ ಜೆನೆಸಿಸ್ ನೌಕೆಯ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಅಮೆರಿಕದ ಯೂಟಾ ಮರುಭೂಮಿಗೆ ಬಿದ್ದದ್ದೂ ಪುಟ್ಟ ಸ್ವಿಚ್ಚುಗಳು ಉಲ್ಟಾ ಆಗಿದ್ದಕ್ಕೆ. ಏನಾದರೂ ಕೂರುತ್ತಿಲ್ಲ ಅಂದರೆ ಸುತ್ತಿಗೆ ತೆಗೆದುಕೊಳ್ಳುವ ಮುಂಚೆ ತಿರುಗಿಸಿ ನೋಡಲು ಹೇಳಿ. ನೀರು ವಾಪಸು ಹರಿಯದಂತೆ ಮೋಟರಿನ ಪೈಪಿನಲ್ಲಿ ಕೂರಿಸುವ ನಾನ್ ರಿಟರ್ನ್ ವಾಲ್ವಿಗೂ ಬಾಣ ಇರುತ್ತದೆ.

ಫೋನಿನಲ್ಲಿ ಒಪ್ಪಿಕೊಂಡ ಬದಲಾವಣೆ

ಕೆಲಸ ನಡೆಯುವಾಗ ಬದಲಾವಣೆ ಬಂದೇ ಬರುತ್ತದೆ. ಕಿಟಕಿ ಒಂದಡಿ ಆಚೆ ಸರಿಯಲಿ, ಇಲ್ಲೊಂದು ಬೀರು ಬರಲಿ, ಈ ಪಿಲ್ಲರ್ ಅಡ್ಡ ಬರುತ್ತಿದೆ. ಮೊದಲೆರಡು ಪರವಾಗಿಲ್ಲ. ಮೂರನೆಯದಕ್ಕೆ ಹುಷಾರು. ಪಿಲ್ಲರ್, ಬೀಮ್, ಕಂಬಿ, ನೀರಿನ ಟ್ಯಾಂಕಿನ ಜಾಗ, ಈ ನಾಲ್ಕರ ಮಾತು ಬಂದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ಬರಹದಲ್ಲಿ ಕಳಿಸಿ. ಲೆಕ್ಕ ಹಾಕಿ ನೋಡಿ ಹೇಳಿ ಅಂತ ಕೇಳಿ. ಹೂಂ ಮಾಡ್ಕೊಳ್ಳಿ ಅನ್ನುವ ಫೋನ್ ಮಾತು ಸಾಲದು.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಯಾತ್ ರೀಜೆನ್ಸಿ ಹೋಟೆಲ್ ಕಟ್ಟುವಾಗ, ಲಾಬಿಯ ಮೇಲೆ ತೂಗುಹಾಕಿದ ಎರಡು ನಡೆದಾರಿ ಒಂದರ ಕೆಳಗೊಂದು ಬರಬೇಕಿತ್ತು, ಚಾವಣಿಯಿಂದ ಇಳಿದ ಒಂದೇ ಉದ್ದನೆಯ ಕಂಬಿಗೆ ಎರಡೂ. ಅಷ್ಟು ಉದ್ದಕ್ಕೆ ತಿರುಪಿನ ಗೆರೆ ಕೊರೆದು ನಟ್ಟು ಏರಿಸುವುದು ಕಷ್ಟ ಅಂತ ತಯಾರಿಸುವವರು ಕಂಬಿಯನ್ನು ಎರಡು ಮಾಡಿದರು. ಮೇಲಿನದು ಚಾವಣಿಯಿಂದ, ಕೆಳಗಿನದು ಮೇಲಿನ ನಡೆದಾರಿಯಿಂದ. ಕೇಳಲು ಏನೂ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ಬಾವಿ ಹಗ್ಗ ನೆನೆಸಿಕೊಳ್ಳಿ. ಇಬ್ಬರು ಒಂದೇ ಹಗ್ಗ ಹಿಡಿದು ಜೋತುಬಿದ್ದರೆ ಒಬ್ಬೊಬ್ಬರ ಕೈಗೆ ಅವರವರ ಭಾರ ಅಷ್ಟೇ. ಕೆಳಗಿನವರು ಹಗ್ಗ ಬಿಟ್ಟು ಮೇಲಿನವರ ಕಾಲು ಹಿಡಿದರೆ? ಹಗ್ಗಕ್ಕೆ ಅದೇ ಭಾರ, ಮೇಲಿನವರ ಕೈಗೆ ಎರಡರಷ್ಟು. ಅಲ್ಲಿನ ಜೋಡಣೆಗೂ ಎರಡರಷ್ಟು ಬಿತ್ತು. 1981ರ ಜುಲೈ 17ರ ಸಂಜೆ ಕೆಳಗೆ ಡ್ಯಾನ್ಸ್ ನಡೆಯುತ್ತಿದ್ದಾಗ ಎರಡೂ ಕುಸಿದು 114 ಜನ ಸತ್ತರು. ಬದಲಾವಣೆಗೆ ಲೆಕ್ಕ ಹಾಕದೆಯೇ ಒಪ್ಪಿಗೆ ಸಿಕ್ಕಿತ್ತು.

ಸಾವಿರ ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್. ಸೋಲಾರಿಗೆ ಹತ್ತಿರ ಆಗುತ್ತದೆ ಅಂತ ಪ್ಲಂಬರ್ ಅದನ್ನು ತಾರಸಿಯ ಮಧ್ಯಕ್ಕೆ ಸರಿಸಲು ಹೇಳಿದರೆ ಮೇಲಿನ ಕಥೆ ನೆನಪಿರಲಿ.

ಇನ್ನೊಂದು ಸಣ್ಣ ನಿಯಮ. ಸೈಟಿನಲ್ಲಿ ಒಂದೇ ಡ್ರಾಯಿಂಗ್ ಇರಬೇಕು. ಹೊಸದು ಬಂದ ದಿನ ಹಳೆಯದನ್ನು ಎಲ್ಲರ ಎದುರಿಗೇ ಹರಿದು ಹಾಕಿ. ಸುಮ್ನೆ ಮಡಚಿಟ್ಟರೆ ಅದು ಸಿಮೆಂಟ್ ಮೂಟೆ ಮೇಲಿಂದ ಮತ್ತೆ ಎದ್ದು ಬರುತ್ತದೆ.

ಕಣ್ಣಳತೆಯ ಸಾಮಾನು

ಅಂಗಡಿಗೆ ಹಳೆಯ ತುಂಡು ಹಿಡಿದುಕೊಂಡು ಹೋಗಿ ಇಂಥದ್ದೇ ಕೊಡಿ ಅನ್ನುವುದೂ ಒಂದು ಅಪಾಯದ ಅಭ್ಯಾಸ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂದಿನ ಗಾಜು ಆಕಾಶದಲ್ಲಿ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ಹೊರಗೆ ಎಳೆದುಹೋದರು, ಒಳಗಿದ್ದವರು ಕಾಲು ಹಿಡಿದುಕೊಂಡು ನಿಂತರು, ಸಹ ಪೈಲಟ್ ವಿಮಾನ ಇಳಿಸಿದರು, ಕ್ಯಾಪ್ಟನ್ ಬದುಕಿದರು. ಗಾಜು ಬದಲಿಸಿದವರು ಪುಸ್ತಕ ನೋಡದೆ ಹಳೆಯ ಬೋಲ್ಟಿಗೆ ಹೊಂದಿಸಿ ತಂದಿದ್ದರು. 90 ಬೋಲ್ಟಿನಲ್ಲಿ 84ರ ದಪ್ಪ ಕೂದಲೆಳೆಯಷ್ಟು ಕಮ್ಮಿ. ನಮ್ಮ ಮನೆಗಳಲ್ಲಿ ಇದರ ತಮ್ಮ ಅಂದರೆ ಗೀಸರಿನ ಪೈಪು. ಬಿಸಿನೀರಿಗೆ ಸಿಪಿವಿಸಿ, ತಣ್ಣೀರಿಗೆ ಯುಪಿವಿಸಿ. ಒಂದು ಕೆನೆ ಬಣ್ಣ, ಇನ್ನೊಂದು ಬಿಳಿ, ಸಂಜೆ ಬೆಳಕಿನಲ್ಲಿ ಎರಡೂ ಒಂದೇ. ಪೈಪಿನ ಮೇಲೆ ಅಚ್ಚಾಗಿರುವುದನ್ನು ಓದಿ, ಬಣ್ಣ ನಂಬಬೇಡಿ.

ಮಂಚ, ಫ್ರಿಜ್ಜು, ಸೋಫಾ ತರುವ ಮುಂಚೆ ರೂಮು ಮಾತ್ರ ಅಳೆಯಬೇಡಿ, ಮೆಟ್ಟಿಲಿನ ತಿರುವನ್ನೂ ಅಳೆಯಿರಿ. ಫ್ರಾನ್ಸಿನವರು ಸುಮಾರು 2,000 ಹೊಸ ರೈಲಿಗೆ ಆರ್ಡರ್ ಕೊಟ್ಟು ಆಮೇಲೆ 2014ರಲ್ಲಿ ಸುಮಾರು 1,300 ಪ್ಲಾಟ್‌ಫಾರ್ಮ್ ಕೊರೆಯಬೇಕಾಗಿ ಬಂತು, ಯಾಕೆಂದರೆ ಅಳತೆ ಕೊಟ್ಟದ್ದು ಇತ್ತೀಚಿನ 30 ವರ್ಷದ ಪ್ಲಾಟ್‌ಫಾರ್ಮುಗಳದ್ದು ಮಾತ್ರ, ಹಳೆಯವು ಇನ್ನೂ ಇಕ್ಕಟ್ಟು.

ನೀರು ಹಾಕಿ ನೋಡಿ, ತೋರಿಸಿದ್ದನ್ನು ನಂಬಿ

ಬಾತ್‌ರೂಮಿನ ಕುಳಿ, ಅಂದರೆ ಸಂಕನ್ ಭಾಗಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪಿನ ಬಾಯಿ ಮುಚ್ಚಿ ನೀರು ನಿಲ್ಲಿಸಿ. ಗೋಡೆಗೆ ಪೆನ್ಸಿಲ್ ಗೆರೆ ಎಳೆದು ಎರಡು ದಿನ ಬಿಡಿ, ಕೆಳಗಿನ ಚಾವಣಿಯನ್ನೂ ನೋಡಿ. ನೆಲದ ಇಳಿಜಾರಿಗೆ ಅಡಿಗೆ ಒಂದು ನೂಲಿಗಿಂತ ಕಮ್ಮಿ ಇರಬಾರದು. ಟೈಲು ಅಂಟಿಸುವ ಮುಂಚೆ ಕೆಳಗಿನ ಗಾರೆಯ ಮೇಲೇ ಮೂಲೆಯಿಂದ ಬಕೆಟ್ ನೀರು ಸುರಿಯಿರಿ. ಟೈಲು ಹಾಕಿದ ಮೇಲೆ ಸುರಿದು ನೋಡುವುದು ಗೊತ್ತು ಮಾಡಿಕೊಳ್ಳಲು ಮಾತ್ರ, ಸರಿಪಡಿಸಲು ಅಲ್ಲ. ಗೋಡೆ ಒಳಗಿನ ಪೈಪುಗಳಿಗೆ ಪ್ಲಾಸ್ಟರಿಂಗ್ ಮುಂಚೆಯೇ ಪಂಪ್ ಹಚ್ಚಿ ಪ್ರೆಷರ್ ನಿಲ್ಲಿಸಿ ನೋಡಲು ಪ್ಲಂಬರಿಗೆ ಹೇಳಿ. ಬಾಗಿಲು ತೆರೆಯುವ ದಿಕ್ಕನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಕಮಾನಿನ ಹಾಗೆ ಬರೆದು ಆಮೇಲೆ ಎಲೆಕ್ಟ್ರಿಷಿಯನ್ ಕರೆಯಿರಿ, ಸ್ವಿಚ್ಚು ಬಾಗಿಲ ಹಿಂದೆ ಹೋಗುವುದಿಲ್ಲ. ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್ ಹಾಕುವ ಹಿಂದಿನ ದಿನ ಫ್ಯಾನ್ ಬಾಕ್ಸುಗಳನ್ನು ಬೆರಳು ಮಡಚಿ ಎಣಿಸಿ.

ಪೈಪಿಗೆ ಕಸ ಬೀಳಬಾರದು ಅಂತ ಸಿಮೆಂಟ್ ಚೀಲ ಹರಿದು ಬಾಯಿಗೆ ತುರುಕುತ್ತಾರೆ. ಒಳ್ಳೆಯ ಕೆಲಸವೇ. ತುರುಕಿದವರು ಒಬ್ಬರು, ಕಮೋಡ್ ಕೂರಿಸುವವರು ಇನ್ನೊಬ್ಬರು. 1990ರ ಫೆಬ್ರವರಿ 22ರಂದು ಯುರೋಪಿನ ಏರಿಯಾನ್ ರಾಕೆಟ್ ಎರಡು ಜಪಾನಿ ಉಪಗ್ರಹ ಹೊತ್ತು ಹಾರಿ ನಾಶವಾದಾಗ ಸಿಕ್ಕ ಕಾರಣ ಎಂಜಿನ್ನಿನ ನೀರಿನ ಕೊಳವೆಯಲ್ಲಿ ಉಳಿದುಹೋದ ಒಂದು ಬಟ್ಟೆ ತುಂಡು. ಸೈಟಲ್ಲಿ ನಾನು ಮಾಡುವುದು ಇಷ್ಟೇ. ತುರುಕುವ ಚೀಲದ ತುದಿ ಒಂದು ಗೇಣು ಹೊರಗೆ ಬಾಲದ ಹಾಗೆ ನೇತಾಡಬೇಕು. ಎಷ್ಟು ಬಾಲ ಅಂತ ಗೋಡೆ ಮೇಲೆ ಬರೆದಿರುತ್ತೇನೆ, ಕೊನೆಗೆ ಅಷ್ಟೂ ವಾಪಸು ಎಣಿಸಿಕೊಳ್ಳುತ್ತೇನೆ.

ಈಗ ವಾಸಾ ಹಡಗಿನ ಉಳಿದ ಕಥೆ. ಹೊರಡುವ ಮುಂಚೆ 30 ಜನರನ್ನು ಮೇಲ್ಗಡೆ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿ ಅಲುಗಾಟ ನೋಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವ ಹಾಗಾಯಿತು. ಓಡುವುದನ್ನು ನಿಲ್ಲಿಸಿಬಿಟ್ಟರು. ಹಡಗನ್ನು ನಿಲ್ಲಿಸಲಿಲ್ಲ. ರಾಜ ಅವಸರ ಮಾಡುತ್ತಿದ್ದ. ಆಗಸ್ಟ್ 10ರಂದು ಹೊರಟು ಸುಮಾರು 1,300 ಮೀಟರ್ ಹೋಗಿ ಮುಳುಗಿತು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟು ಕಾರ್ಡು ಹಂಚಿದ ಮೇಲೆ ಬಾತ್‌ರೂಮಿನಲ್ಲಿ ನೀರು ಅರ್ಧ ಇಂಚು ಇಳಿದಿದ್ದರೆ ಬಿಸಿಲಿಗೆ ಆವಿಯಾಗಿರಬೇಕು ಬಿಡಿ ಅನ್ನುವವರು ನಮ್ಮಲ್ಲೂ ಇದ್ದಾರೆ. ಬಾತ್‌ರೂಮಿನೊಳಗೆ ಎಲ್ಲಿಯ ಬಿಸಿಲು?

ಸಂಪಿಗೆ ಇಳಿಯುವುದು

ಇದನ್ನು ತಮಾಷೆ ಮಾಡದೆ ಹೇಳುತ್ತೇನೆ. ಹೊಸ ಸಂಪಿನ ಮುಚ್ಚಳ ಹಾಕಿ ವಾರಗಟ್ಟಲೆ ಬಿಟ್ಟು, ಒಳಗಿನ ಸೆಂಟ್ರಿಂಗ್ ಬಿಚ್ಚಲು ಒಬ್ಬರು ಇಳಿಯುತ್ತಾರೆ. ಒದ್ದೆ ಮರ ಕೊಳೆತು ಒಳಗೆ ಆಮ್ಲಜನಕ ಕಮ್ಮಿಯಾಗಿರುತ್ತದೆ, ವಾಸನೆ ಬರಲೇಬೇಕು ಅಂತಿಲ್ಲ. ಇಳಿದವರು ಬೀಳುತ್ತಾರೆ, ಎತ್ತಲು ಹೋದ ಎರಡನೆಯವರೂ ಬೀಳುತ್ತಾರೆ. ಮುಚ್ಚಳ ಪೂರ್ತಿ ತೆರೆದು ಒಂದು ದಿನ ಬಿಡಿ, ಬ್ಲೋವರ್ ಹಚ್ಚಿ ಗಾಳಿ ಹೊಡೆಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರಲಿ. ನೀರು ಖಾಲಿ ಮಾಡಲು ಪೆಟ್ರೋಲ್ ಪಂಪನ್ನು ಒಳಗೆ ಇಳಿಸಬೇಡಿ, ಅದರ ಹೊಗೆಯೇ ಸಾಯಿಸುತ್ತದೆ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ ಎಳೆಯಿರಿ, ಮೇಲಿಂದ ಗಾಳಿ ಬಿಡಿ, 112ಕ್ಕೆ ಫೋನ್ ಮಾಡಿ.

ಕೊನೆಗೆ ಫೋಟೋ

ಪ್ಲಾಸ್ಟರಿಂಗ್ ಶುರುವಾಗುವ ಹಿಂದಿನ ದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಪ್ರತಿ ಗೋಡೆಗೆ ಎದುರು ನಿಂತು ಫೋಟೋ ತೆಗೆಯಿರಿ, ಗೋಡೆಗೆ ಟೇಪು ಎಳೆದಿಟ್ಟು ಅದರ ಅಂಕಿ ಕಾಣುವ ಹಾಗೆ. ನೀರಿನ ಪೈಪು, ವೈರಿನ ಪೈಪು ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಓದುವಂತಿರಬೇಕು. ಯಾವ ರೂಮು, ಯಾವ ದಿಕ್ಕಿನ ಗೋಡೆ ಅಂತ ಒಂದು ಹಾಳೆಯಲ್ಲಿ ಬರೆದು ಅದನ್ನೂ ಗೋಡೆಗೆ ಅಂಟಿಸಿ ಫೋಟೋದೊಳಗೆ ಬರಿಸಿ. ಮೂರು ವರ್ಷ ಆದಮೇಲೆ ನೋಡಿದರೆ ಎಲ್ಲಾ ಇಟ್ಟಿಗೆ ಗೋಡೆಯೂ ಒಂದೇ ಥರ ಕಾಣುತ್ತದೆ. ಫೋನು ಕಳೆದುಹೋಗುತ್ತದೆ, ಹಾಗಾಗಿ ಮನೆಯವರ ಫೋನಿಗೂ ಪೆನ್ ಡ್ರೈವಿಗೂ ಹಾಕಿಡಿ.

ಹೋದ ತಿಂಗಳು ಒಬ್ಬರು ಅಡುಗೆಮನೆಯಿಂದ ಫೋನ್ ಮಾಡಿದರು. ಚಿಮಣಿ ಕೂರಿಸುವ ಹುಡುಗ ಡ್ರಿಲ್ ಹಿಡಿದು ನಿಂತಿದ್ದಾನೆ, ಎಲ್ಲಿ ಕೊರೆಯಲಿ ಅಂತ ಕೇಳುತ್ತಿದ್ದಾನೆ ಅಂದರು. ಹಳೆಯ ಫೋಟೋ ತೆಗೆದು ನೋಡಿದೆವು. ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗದಲ್ಲೇ ಗೀಸರಿನ ಪೈಪು ಇಳಿದಿತ್ತು. ನಾಲ್ಕು ಇಂಚು ಎಡಕ್ಕೆ ಕೊರೆಸಿ ಅಂದೆ.